ಎಲ್ಲಕ್ಕೂ ಧೂಳೇ ಕಾರಣವಾದ ವರ್ಷ

ಹೋದ ತಿಂಗಳು ಪೀಣ್ಯದಲ್ಲಿ ಮೆಟ್ರೋ ಇಳಿದು, ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳ ಮನೆ ಹುಡುಕಿಕೊಂಡು ಒಳರಸ್ತೆಗಳಲ್ಲಿ ನಡೆಯುತ್ತಿದ್ದೆ. ಯಾವುದೋ ಶೆಡ್ಡಿನ ಒಳಗಿಂದ ಪೌಡರ್ ಕೋಟಿಂಗ್ ಒಲೆಯ ವಾಸನೆ ಬಂತು. ಬಿಸಿ ತಗಡಿನ ಮೇಲೆ ಬಣ್ಣ ಬೇಯುವಾಗ ಏಳುವ, ಗಂಟಲಿಗೆ ಅಂಟಿಕೊಂಡು ಕೂರುವ ವಾಸನೆ. ಹಳೆಯ ವಾಸನೆಗಳು ಮೂಗಿಗೆ ಬಡಿದರೆ ಜನರ ಕಣ್ಣು ತೇವವಾಗುತ್ತದಂತೆ. ನನಗೆ ಸಿಟ್ಟು ಬಂತು. ರಸ್ತೆಯ ನಡುವೆ ನಿಂತು, ಯಾರ ಮೇಲೆ ಅಂತ ಗೊತ್ತಿಲ್ಲದೆ, ಸುಮ್ಮನೆ ಸಿಟ್ಟು.

ಆ ವಾಸನೆಯ ನಡುವೆಯೇ ಕೆಲಸ ಮಾಡುತ್ತ ನಾನು ಕಾಯಿಲೆ ಬಿದ್ದದ್ದು ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿದ್ದ ವರ್ಷ. ಮೆಟ್ರೋ ಕಂಬಗಳಿಗೂ ನೆಲ ಅಗೆಯುತ್ತಿದ್ದರು. ನಾವು ಮಾಕಳಿಯಲ್ಲಿ ಪುಟ್ಟತಾಯಮ್ಮನವರ ವಠಾರದಲ್ಲಿದ್ದೆವು. ನಾನು, ಯಜಮಾನರು ಮಂಜುನಾಥ್, ಐದನೇ ತರಗತಿಯ ಮಗಳು ಚೈತ್ರ. ಮಂಜುನಾಥ್ ನೆಲಮಂಗಲದ ಕಡೆ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನೋಡಿಕೊಳ್ಳುತ್ತಿದ್ದರು. ನಾನು ಪೀಣ್ಯದಲ್ಲಿ ವಿದ್ಯುತ್ ಪ್ಯಾನೆಲ್ ತಯಾರಿಸುವ ಕಂಪನಿಯ ಸ್ಟೋರ್ಸಿನಲ್ಲಿದ್ದೆ. ಕಂಪನಿಗೆ ಹೋಗಿ ಬರುವಷ್ಟರಲ್ಲಿ ಸೀರೆಯ ಬಣ್ಣ ಗುರುತು ಸಿಗುತ್ತಿರಲಿಲ್ಲ. ಬಸ್ಸಿನ ಸೀಟು, ಟೀ ಅಂಗಡಿಯ ಬನ್ನು, ದೇವರ ಫೋಟೋದ ಗಾಜು, ಎಲ್ಲದರ ಮೇಲೂ ಒಂದೇ ಬೂದುಬಣ್ಣ. ಇಡೀ ಪೀಣ್ಯ ಕೆಮ್ಮುತ್ತಿತ್ತು. ಹಾಗಾಗಿ ನನಗೆ ಉಸಿರು ಕಟ್ಟತೊಡಗಿದಾಗ ಯಾರಿಗೂ ಯೋಚನೆ ಮಾಡುವ ಕಷ್ಟವೇ ಬರಲಿಲ್ಲ. ಉತ್ತರ ರಸ್ತೆಯ ಮೇಲೆ ಬಿದ್ದಿತ್ತು.

ಶುರುವಾದದ್ದು ಬೇಸಿಗೆಯಲ್ಲಿ. ಸ್ಟೋರ್ಸ್ ಇದ್ದದ್ದು ಶೆಡ್ಡಿನ ಮೇಲಿನ ಅಟ್ಟದಲ್ಲಿ. ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಮೊದಲೆಲ್ಲ ಏನೂ ಆಗುತ್ತಿರಲಿಲ್ಲ. ಈಗ ಅರ್ಧಕ್ಕೆ ನಿಂತು ಕಂಬಿ ಹಿಡಿದುಕೊಳ್ಳಬೇಕಾಗುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ, ಮೂವತ್ತೈದಕ್ಕೆ ಯಾರಿಗೆ ವಯಸ್ಸಾಗುತ್ತದೆ? ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಅಡ್ಡಾದೆ. ಸ್ವಲ್ಪ ಹೊತ್ತಿಗೆ ಯಾರೋ ಎದೆಯ ಮೇಲೆ ಕೂತಂತಾಯಿತು. ಎದ್ದು ಕೂತೆ. ನಾಲ್ಕಾರು ಉಸಿರಿಗೆ ಸರಿಹೋಯಿತು. ಮತ್ತೆ ಮಲಗಿದೆ, ಮತ್ತೆ ಅದೇ. ಅಂದಿನಿಂದ ನಾನು ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡತೊಡಗಿದೆ. ಧೂಳೆಲ್ಲ ಇದ್ದದ್ದು ಕಂಪನಿಯಲ್ಲಿ, ರಸ್ತೆಯಲ್ಲಿ. ಅಲ್ಲಿ ಹತ್ತಿ ಇಳಿಯದೆ ಕೂತಿದ್ದರೆ ನಾನು ಚೆನ್ನಾಗಿಯೇ ಇರುತ್ತಿದ್ದೆ. ಮನೆಯಲ್ಲಿ, ತೊಳೆದ ನೆಲದ ಮೇಲೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಇದು ವಿಚಿತ್ರ ಅಂತ ನನಗನ್ನಿಸಿತು. ಡಾಕ್ಟರಿಗೆ ಹೇಳಬೇಕಾದ ಮಾತು ಇದೇ ಅಂತಲೂ ಅನ್ನಿಸಿತು.

ಕಂಪನಿಯ ಹತ್ತಿರ ಮುಖ್ಯರಸ್ತೆಯಲ್ಲಿ ಒಬ್ಬ ಡಾಕ್ಟರಿದ್ದರು. ಕೆಟ್ಟವರಲ್ಲ. ಬಡವರ ಹತ್ತಿರ ಹೆಚ್ಚು ತೆಗೆದುಕೊಳ್ಳುವವರಲ್ಲ ಎಂಬ ಹೆಸರಿತ್ತು. ಹೊರಗಿನ ಬೆಂಚಿನ ಮೇಲೆ ಯಾವಾಗ ನೋಡಿದರೂ ಜನ. ಮೇಜಿನ ಮೇಲೆ ಕರೆಗಂಟೆ. ಅದನ್ನು ಒತ್ತಿದರು ಅಂದರೆ ನಿಮ್ಮ ಸರದಿ ಮುಗಿಯಿತು, ಮುಂದಿನವರು ಒಳಗೆ ಬಂದೇ ಬಿಡುತ್ತಾರೆ.

"ಏನಮ್ಮಾ?"

"ಉಸಿರು ಕಟ್ಟುತ್ತೆ ಸಾರ್. ಅದೂ ಮಲಗಿದ್ರೆ..."

"ಎಲ್ಲಿ ಕೆಲಸ?"

"ಇಲ್ಲೇ ಸೆಕೆಂಡ್ ಸ್ಟೇಜಲ್ಲಿ. ಪ್ಯಾನೆಲ್ ಕಂಪನಿ."

"ಪೇಂಟು, ಪೌಡರ್ ಎಲ್ಲಾ ಇದ್ಯಾ ಅಲ್ಲಿ?"

"ಇದೆ ಸಾರ್. ಆದ್ರೆ ಅಲ್ಲಿ ಏನೂ ಆಗಲ್ಲ, ಮಲಗಿದ್ರೆ..."

"ಡಸ್ಟ್ ಅಲರ್ಜಿ," ಎಂದು ಅವರು ಆಗಲೇ ಬರೆಯುತ್ತಿದ್ದರು. "ಈ ರೋಡು ಮುಗಿಯೋ ತನಕ ಇದು ಇದ್ದಿದ್ದೇ. ಮೂಗಿಗೆ ಬಟ್ಟೆ ಕಟ್ಕೊಳ್ಳಿ." ಗಂಟೆ ಒತ್ತಿದರು.

ಬಟ್ಟೆ ಕಟ್ಟಿಕೊಂಡೆ. ಮಾತ್ರೆ ನುಂಗಿದೆ. ತೂಕಡಿಕೆ ತರುವಂಥ ಮಾತ್ರೆ. ಗೋಡೆಗೆ ಒರಗಿ ತೂಕಡಿಸಿದೆ. ಎರಡನೇ ಸಲ ಹೋದಾಗ ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಅದನ್ನು ಹೊಡೆದುಕೊಂಡರೆ ಎದೆ ಇನ್ನಷ್ಟು ಡವಡವ ಎನ್ನುತ್ತಿತ್ತು. ಹಾಗಂತ ಹೇಳಿದರೆ, "ಮೊದಲು ಮೊದಲು ಹಂಗೇ," ಎಂದರು. ಮುಂಗಾರು ಬಂತು. ಮಳೆ ಹೊಡೆದು ರಸ್ತೆಯ ಧೂಳೆಲ್ಲ ಕೆಸರಾಯಿತು. ನನಗೋ ಒಳಗೊಳಗೇ ಖುಷಿ, ಈಗ ಇವರೇನು ಹೇಳುತ್ತಾರೆ ನೋಡೋಣ ಅಂತ.

"ಸಾರ್, ಈಗ ಧೂಳಿಲ್ಲ. ಆದ್ರೂ ಕಟ್ಟುತ್ತೆ. ಮಲಗಿದ್ರೆ..."

"ಮಳೆಗಾಲ ಅಲ್ವಾ. ಗೋಡೆ ತೇವಕ್ಕೆ ಬೂಷ್ಟು ಹಿಡಿಯುತ್ತೆ. ಅದಕ್ಕೂ ಅಲರ್ಜಿ ಬರುತ್ತೆ." ಗಂಟೆ.

ನನ್ನ ಆ ಒಂದು ವಾಕ್ಯ ಯಾವತ್ತೂ ‘ಮಲಗಿದ್ರೆ’ಯನ್ನು ದಾಟಿ ಮುಂದೆ ಹೋಗಲೇ ಇಲ್ಲ.

ಮಂಜುನಾಥ್ ಒಳ್ಳೆಯ ಮನುಷ್ಯ. ಅವರ ತೊಂದರೆ ಏನೆಂದರೆ ಡಾಕ್ಟರ ಎದುರು ಅವರು ಶಾಲೆಯ ಹುಡುಗನಾಗಿಬಿಡುತ್ತಾರೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಲ್ಲುತ್ತಾರೆ. ಕುರ್ಚಿ ತೋರಿಸಿದರೂ ಕೂರುವುದಿಲ್ಲ. ಆಗಸ್ಟಿನಲ್ಲಿ ಅವರೇ ರಜೆ ಹಾಕಿ ನನ್ನನ್ನು ಮಲ್ಲೇಶ್ವರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ದೊಡ್ಡ ಡಾಕ್ಟರು ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ನನ್ನತ್ತ ಒಮ್ಮೆ ನೋಡಿ, ಆಮೇಲೆ ಪೂರ್ತಿ ಮಂಜುನಾಥರ ಜೊತೆಯೇ ಮಾತಾಡಿದರು.

"ಇವರಿಗೆ ಎಷ್ಟು ದಿನದಿಂದ?"

"ಬೇಸಿಗೆಯಿಂದ ಸಾರ್."

"ಮನೇಲಿ ಏನಾದ್ರೂ ಟೆನ್ಶನ್? ಅತ್ತೆ, ನಾದಿನಿ?"

"ಅಂಥದ್ದೇನಿಲ್ಲ ಸಾರ್. ಇವಳು ಸ್ವಲ್ಪ ಎಲ್ಲಾದ್ದಕ್ಕೂ ಯೋಚನೆ ಮಾಡ್ತಾಳೆ."

ನಾನು ಮಂಜುನಾಥರ ಮುಖ ನೋಡಿದೆ. ಅವರು ಡಾಕ್ಟರ ಮುಖ ನೋಡುತ್ತಿದ್ದರು.

"ಸಾರ್, ನಂಗೆ ಟೆನ್ಶನ್ ಇಲ್ಲ," ಎಂದೆ. "ಮಲಗಿದ್ರೆ ಮಾತ್ರ ಉಸಿರು..."

"ನೋಡಿ, ಟೆನ್ಶನ್ ಇರೋರು ಯಾರೂ ಇದೆ ಅನ್ನಲ್ಲ," ಎಂದು ಅವರು ಮಂಜುನಾಥರಿಗೆ ಹೇಳಿ ನಕ್ಕರು. ಮಂಜುನಾಥರೂ ನಕ್ಕರು. ತೂಕ ಇಳಿಸಬೇಕಂತೆ. ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಬೇಕಂತೆ. ಮಲಗುವಾಗ ಒಂದು ಸಣ್ಣ ಮಾತ್ರೆ. ಮಲಗಲು ಆಗುತ್ತಿಲ್ಲ ಅಂತ ಬಂದವಳಿಗೆ ಮಲಗುವಾಗ ತೆಗೆದುಕೊಳ್ಳುವ ಮಾತ್ರೆ!

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ನಾನು ದಾರಿಯುದ್ದಕ್ಕೂ ಬೈದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಅವರು ತಿರುಗಿ, "ಅಷ್ಟು ಓದಿರೋರು ಸುಮ್ನೆ ಹೇಳ್ತಾರಾ ಸರೋಜಾ?" ಎಂದರು. ಪಕ್ಕದ ಆಟೋದವನು ನಮ್ಮನ್ನೇ ನೋಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡೆ.

ವಠಾರದಲ್ಲಿ ಪುಟ್ಟತಾಯಮ್ಮನವರು ಕಾದಿದ್ದರು. ಊರಿನ ಹಳೆಯ ಮನೆತನದವರು. ಹೊಲವಿದ್ದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು, ಬಾಡಿಗೆಯವರ ಕಾಯಿಲೆ ಕಸಾಲೆಗಳೆಲ್ಲ ತಮ್ಮವೇ ಎಂದು ತಿಳಿದಿದ್ದರು. ನಾನು ಇನ್ನೊಮ್ಮೆ ಹೋಗಿ ಸರಿಯಾಗಿ ಕೇಳುತ್ತೇನೆ ಎಂದದ್ದಕ್ಕೆ ಗಾಬರಿಯಾದರು.

"ಅಂಗೆಲ್ಲ ಡಾಕ್ಟ್ರಿಗೆ ಎದುರು ಮಾತಾಡ್ಬಾರ್ದು ಕಣವ್ವ. ಕ್ವಾಪ ಬಂದು ತಪ್ಪು ಸೂಜಿ ಚುಚ್ಚಿಬುಟ್ರೆ ಏನ್ ಮಾಡೀಯೆ?"

ಹೀಗೆ ಎಲ್ಲರೂ ಸೇರಿ ನನ್ನನ್ನು ಸುಮ್ಮನಿರಿಸಿದರು. ನನಗೂ ಅನುಮಾನ ಶುರುವಾಯಿತು. ಇಷ್ಟು ಜನ ಹೇಳುವಾಗ ನನ್ನದೇ ಕಲ್ಪನೆ ಇರಬಹುದೇನೋ. ಕನ್ನಡಿ ಮುಂದೆ ನಿಂತು ಉಸಿರು ಎಳೆದುಕೊಂಡು ನೋಡಿಕೊಳ್ಳುತ್ತಿದ್ದೆ. ನಿಂತಾಗ ಸರಿಯಾಗಿಯೇ ಇರುತ್ತಿತ್ತು, ಅದೇ ತಾನೆ ತೊಂದರೆ! ಆ ಎರಡು ತಿಂಗಳು ಪ್ರಾಣಾಯಾಮ ಮಾಡಿದೆ. ಕಾಲು ಊದತೊಡಗಿತು. ನಿಂತು ಕೆಲಸ ಮಾಡುವವರಿಗೆ ಊದುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ನೋಡಿ, ಅವರ ಭಾಷೆ ನನಗೂ ಬಂದುಬಿಟ್ಟಿತ್ತು.

ಆಯುಧಪೂಜೆಯ ಹಿಂದಿನ ದಿನ. ಕಂಪನಿಯಲ್ಲಿ ಯಂತ್ರಗಳನ್ನೆಲ್ಲ ಒರೆಸಿ, ಶೆಡ್ಡು ಗುಡಿಸಿ, ಬಾಳೆಕಂದು ಕಟ್ಟುತ್ತಿದ್ದರು. ನಾನು ಮಂಡಕ್ಕಿ, ಬೂದುಗುಂಬಳ ಎಲ್ಲ ಲೆಕ್ಕ ಹಾಕಿ ಕೊಟ್ಟು ಸ್ಟೋರ್ಸಿಗೆ ಹತ್ತುತ್ತಿದ್ದಾಗ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೇ ಕುಸಿದೆ. ಎತ್ತಿಕೊಂಡು ಹೋಗಿ ಪ್ರಥಮ ಚಿಕಿತ್ಸೆಯ ಕೋಣೆಯ ಮಂಚದ ಮೇಲೆ ಹಾಕಿದರು. ಪ್ರಜ್ಞೆ ಬಂದಾಗ ನಾನು ಅಂಗಾತ ಮಲಗಿದ್ದೆ. ಎದೆಯೊಳಗೆ ನೀರು ತುಂಬಿಕೊಂಡಂತೆ ಗೊರಗೊರ ಸದ್ದು. ಏಳಲು ಹೋದೆ. ಎಚ್‌ಆರ್ ಮ್ಯಾನೇಜರು ಭುಜ ಒತ್ತಿ ಹಿಡಿದರು.

"ಮಲ್ಕೊಳ್ಳಿ ಮೇಡಂ, ಮಲ್ಕೊಳ್ಳಿ. ರೆಸ್ಟ್ ಬೇಕು ನಿಮ್ಗೆ."

ಇನ್ನೊಬ್ಬರು ಕಾಲು ಹಿಡಿದಿದ್ದರು. ಮತ್ತೊಬ್ಬರು ಪೇಪರಿನಿಂದ ಗಾಳಿ ಹಾಕುತ್ತ, "ಏಳ್ಬೇಡಿ, ಏಳ್ಬೇಡಿ," ಎನ್ನುತ್ತಿದ್ದರು. ಅಷ್ಟೂ ಜನ ಪ್ರೀತಿಯಿಂದಲೇ ನನ್ನನ್ನು ಮಂಚಕ್ಕೆ ಅದುಮಿ ಹಿಡಿದು ಕೊಲ್ಲುತ್ತಿದ್ದರು. ‘ಕೂರಿಸಿ’ ಎಂದು ಹೇಳಬೇಕು, ಗಾಳಿಯಿಲ್ಲ. ಮ್ಯಾನೇಜರ ಕೈಗೆ ಉಗುರು ಹಾಕಿದೆ. ಅವರು ಇನ್ನೂ ಗಟ್ಟಿಯಾಗಿ ಹಿಡಿದರು. ಮಗಳ ಮುಖ ಕಣ್ಣೆದುರು ಬಂದು ಹೋಯಿತು.

ಆಗ ವೈರಿಂಗ್ ವಿಭಾಗದ ರೇಣುಕಾ ಬಾಗಿಲಲ್ಲಿ ಕೂಗಿದ್ದು ಕೇಳಿಸಿತು. ಗದಗಿನ ಕಡೆಯ ಹುಡುಗಿ. ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವಳು. ಕಂಪನಿಯಲ್ಲಿ ನನ್ನ ವಾಕ್ಯವನ್ನು ಪೂರ್ತಿ ಕೇಳಿದ್ದವಳು ಅವಳೊಬ್ಬಳೇ.

"ಏ ಬಿಡ್ರೀ ಅವರನ್ನ! ಅಕ್ಕಾರಿಗೆ ಮಕ್ಕೊಂಡ್ರ ಉಸಿರು ಹತ್ತತೈತಿ! ಎಬ್ಬಿಸಿ ಕುಂದ್ರಸ್ರೀ!"

ಜನರನ್ನು ತಳ್ಳಿಕೊಂಡು ಬಂದು, ನನ್ನ ಬೆನ್ನ ಹಿಂದೆ ಕೈಹಾಕಿ ಎಬ್ಬಿಸಿ ಕೂರಿಸಿದಳು. ಕೆಮ್ಮಿದೆ. ಸೆರಗಿನ ಮೇಲೆ ಗುಲಾಬಿ ಬಣ್ಣದ ನೊರೆ ಬಿತ್ತು. ಮೆಲ್ಲಗೆ ಗಾಳಿ ಒಳಗೆ ಹೋಯಿತು.

ಕಂಪನಿಯ ವ್ಯಾನಿನಲ್ಲಿ ಅದೇ ಡಾಕ್ಟರ ಹತ್ತಿರ ಕರೆದೊಯ್ದರು. ಮುಖಕ್ಕೆ ಹಬೆಯ ಮುಖವಾಡ ಇಟ್ಟರು, ಒಂದು ಇಂಜೆಕ್ಷನ್ ಕೊಟ್ಟರು. ಕೂತೇ ಇದ್ದದ್ದಕ್ಕೋ ಏನೋ ಸ್ವಲ್ಪ ಸುಧಾರಿಸಿತು. ರೇಣುಕಾ ಬಾಗಿಲ ಬಳಿ ನಿಂತಿದ್ದಳು. ಮಂಜುನಾಥರಿಗೆ ಫೋನು ಹೋಗಿತ್ತು, ಇನ್ನೂ ಬಂದಿರಲಿಲ್ಲ. ಡಾಕ್ಟರು ಸೀಟಿನಲ್ಲಿ ಕೂತು ಪೆನ್ನು ತೆಗೆದರು.

"ಪೂಜೆಗೆ ಅಂತ ಕ್ಲೀನ್ ಮಾಡ್ತಿದ್ರಂತೆ. ವರ್ಷದ ಧೂಳೆಲ್ಲಾ ಒಟ್ಟಿಗೆ ಎದ್ದಿರುತ್ತೆ, ಅದಕ್ಕೇ ಅಟ್ಯಾಕ್ ಬಂದಿದೆ. ಪಂಪು ಎರಡು ಹೊತ್ತು ಜಾಸ್ತಿ ಮಾಡಿ."

ಗಂಟೆ ಒತ್ತಿದರು. ಒಬ್ಬ ಗಂಡಸು ಒಳಗೆ ಬಂದು ನನ್ನ ಹಿಂದೆ ನಿಂತರು. ನಾನು ಏಳಲಿಲ್ಲ.

"ಆಯ್ತಮ್ಮಾ, ಹೋಗ್ಬಹುದು."

"ಆಗಿಲ್ಲ ಸಾರ್. ನಾನು ಹೇಳೋದು ಇನ್ನೂ ಮುಗಿದಿಲ್ಲ."

"ಹೊರಗೆ ಜನ ಕಾಯ್ತಿದಾರೆ."

"ನಾನೂ ಬೇಸಿಗೆಯಿಂದ ಕಾಯ್ತಿದೀನಿ ಸಾರ್." ಉಸಿರು ಸಾಲದೆ ಮೂರು ಮಾತಿಗೊಮ್ಮೆ ನಿಲ್ಲಬೇಕಾಗುತ್ತಿತ್ತು. "ಧೂಳಲ್ಲಿ ಕೂತಿದ್ರೆ ನಂಗೇನೂ ಆಗಲ್ಲ. ಮಲಗಿದ್ರೆ ಕಟ್ಟುತ್ತೆ, ಎದ್ದು ಕೂತ್ರೆ ಹೋಗುತ್ತೆ. ಮೆಟ್ಟಿಲು ಹತ್ತಿದ್ರೆ ಕಟ್ಟುತ್ತೆ, ನಿಂತ್ರೆ ಹೋಗುತ್ತೆ. ಕಾಲು ಊದುತ್ತೆ. ಇವತ್ತು ರಕ್ತದ ಬಣ್ಣದ ನೊರೆ ಬಂತು. ಇದು ಯಾವ ಅಲರ್ಜಿ ಸಾರ್?"

ಅವರು ಪೆನ್ನು ಕೆಳಗಿಟ್ಟರು. "ನೀವು ಡಾಕ್ಟ್ರಾ, ನಾನು ಡಾಕ್ಟ್ರಾ?"

"ನೀವೇ ಡಾಕ್ಟ್ರು. ಆದ್ರೆ ಉಸಿರು ನಂದು."

ಹಿಂದೆ ನಿಂತಿದ್ದವರು ಕೆಮ್ಮುವುದನ್ನೂ ನಿಲ್ಲಿಸಿದರು. ಡಾಕ್ಟರ ಮುಖ ಕೆಂಪಾಯಿತು. ನನಗೂ ಭಯವಾಯಿತು, ಪುಟ್ಟತಾಯಮ್ಮನವರ ತಪ್ಪು ಸೂಜಿ ನೆನಪಾಯಿತು. ಆದರೂ ಕುರ್ಚಿಯ ಕೈ ಹಿಡಿದುಕೊಂಡೇ ಕೂತೆ. ಕೊನೆಗೆ ಅವರು ಒಂದು ಚೀಟಿ ಹರಿದು, ಏನೋ ಗೀಚಿ ನನ್ನತ್ತ ತಳ್ಳಿದರು. "ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಹೋಗಿ, ಎದೆ ಸ್ಕ್ಯಾನ್ ಮಾಡಿಸ್ಕೊಳ್ಳಿ. ಸುಮ್ನೆ ಖರ್ಚು." ಕಾಟ ತಪ್ಪಲಿ ಎಂದು ಕೊಟ್ಟ ಚೀಟಿ ಅದು. ನಾನು ಪ್ರಸಾದದಂತೆ ಎರಡು ಕೈಯಲ್ಲಿ ತೆಗೆದುಕೊಂಡೆ.

ಹಬ್ಬದ ರಜೆ ಕಳೆದ ಮೇಲೆ ನಗರದೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆವು. ಒಳಗೆ ಹೋಗುವ ಮುಂಚೆ ನಾನು ಮಂಜುನಾಥರಿಗೆ, "ನೀವು ಹೊರಗೇ ಇರಿ," ಎಂದೆ.

"ಯಾಕೆ?"

"ನೀವು ಒಳಗೆ ಬಂದ್ರೆ ಅವರು ನಿಮ್ಮನ್ನ ಕೇಳ್ತಾರೆ, ನೀವು ಹೌದು ಸಾರ್ ಅಂತೀರ."

ಅವರಿಗೆ ನೋವಾಯಿತು. ಆದರೂ ಬೆಂಚಿನ ತುದಿಯಲ್ಲಿ ಕೂತರು.

ಒಳಗಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಿದ್ದೆಗೆಟ್ಟ ಕಣ್ಣು, ಕೆದರಿದ ಕೂದಲು. ಅವರು ಬಾಯಿ ತೆರೆಯುವ ಮೊದಲೇ ನಾನು ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಲು ಹೋಗಿ ಏದುಸಿರು ಬಂತು.

"ನಿಧಾನ," ಎಂದರು. "ಕೂತ್ಕೊಂಡು ಹೇಳಿ. ನಾನೆಲ್ಲೂ ಹೋಗಲ್ಲ."

ಹೇಳಿದೆ. ಅವರು ಬರೆಯಲಿಲ್ಲ, ಕೇಳಿಸಿಕೊಂಡರು. ಆಮೇಲೆ ನನ್ನನ್ನು ಎಡಗಡೆಗೆ ಹೊರಳಿಸಿ ಮಲಗಿಸಿ, "ಸ್ವಲ್ಪ ಹೊತ್ತು ತಡ್ಕೊಳ್ಳಿ ಅಕ್ಕ," ಎಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿಕೊಂಡರು. ಬೇಸಿಗೆಯಿಂದ ಅಲ್ಲಿಯ ತನಕ ನನ್ನ ಎದೆಗೆ ಯಾರೂ ಅದನ್ನು ಇಟ್ಟಿರಲಿಲ್ಲ ಎಂಬುದು ಆಗ ಹೊಳೆಯಿತು. ಇಟ್ಟವರೂ ಬೆನ್ನಿಗೆ, ಬಟ್ಟೆಯ ಮೇಲಿಂದ, ಒಂದು ಕ್ಷಣ ಮುಟ್ಟಿಸಿ ತೆಗೆದಿದ್ದರು.

"ಚಿಕ್ಕವರಿದ್ದಾಗ ಜ್ವರ ಬಂದು ಮಂಡಿ, ಕೀಲು ಊದಿಕೊಂಡಿತ್ತಾ?"

ಊದಿತ್ತು. ಪ್ರೈಮರಿ ಶಾಲೆಯಲ್ಲಿ ಒಂದು ಇಡೀ ಮಳೆಗಾಲ ಅಮ್ಮ ನನ್ನನ್ನು ಎತ್ತಿಕೊಂಡೇ ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ಬೆಳೆಯುವ ವಯಸ್ಸಿನ ನೋವು ಎಂದಿದ್ದರು ಆಗಿನ ಡಾಕ್ಟರು. ಈ ಪ್ರಶ್ನೆಯನ್ನು ಯಾರೂ ಕೇಳಿರದಿದ್ದರಿಂದ ನಾನೂ ಅದನ್ನು ಮರೆತಿದ್ದೆ.

ಸ್ಕ್ಯಾನಿನಲ್ಲಿ ಗೊತ್ತಾಯಿತು. ಆ ಹಳೆಯ ಜ್ವರ ಹೃದಯದೊಳಗಿನ ಒಂದು ಕವಾಟವನ್ನು ಕಿರಿದು ಮಾಡಿತ್ತು. ಬಾಗಿಲು ಇಕ್ಕಟ್ಟಾಗಿ ರಕ್ತ ಹಿಂದಕ್ಕೆ ಶ್ವಾಸಕೋಶದಲ್ಲಿ ನಿಲ್ಲುತ್ತಿತ್ತು. ಮಲಗಿದರೆ ಇನ್ನೂ ಹೆಚ್ಚು. ಇದನ್ನು ನನಗೆ ಅರ್ಥವಾಗುವ ಹಾಗೆ ಹೇಳಿದ್ದು ಆ ಡಾಕ್ಟರಮ್ಮ. ನನಗೆ ಅಳು ಬಂತು. ಹೃದಯದ ಕಾಯಿಲೆ ಅಂತ ಹೆದರಿ ಅಲ್ಲ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ‘ನಾನು ಸುಳ್ಳು ಹೇಳುತ್ತಿರಲಿಲ್ಲ’ ಎಂಬ ಅಳು.

ವಾರ್ಡಿಗೆ ಸೇರಿಸಿಕೊಂಡ ಮೇಲೆ ಮತ್ತೆ ಹಳೇ ಕಥೆ. ಬೆಳಿಗ್ಗೆ ಹಿರಿಯ ಡಾಕ್ಟರು ಏಳೆಂಟು ಮಂದಿ ಕಿರಿಯರ ಜೊತೆ ಬಂದು ಮಂಚದ ಕಾಲ ಬಳಿ ನಿಂತು ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಹೋಗುತ್ತಿದ್ದರು. ಮೂರನೇ ದಿನ ತಡೆಯಲಾಗಲಿಲ್ಲ.

"ಸಾರ್, ಅದು ನನ್ನ ಹೃದಯದ ಬಗ್ಗೆ ತಾನೆ? ಸ್ವಲ್ಪ ಕನ್ನಡದಲ್ಲಿ ಹೇಳಿ."

ಕಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ಹುಬ್ಬು ಗಂಟಿಕ್ಕಿ, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮಂಜುನಾಥರ ಕಡೆ ತಿರುಗಿ, "ತೊಡೆ ಹತ್ತಿರದಿಂದ ಸಣ್ಣ ಬಲೂನ್ ಕಳಿಸಿ ಬಾಗಿಲು ಅಗಲ ಮಾಡ್ತೀವಿ. ಒಪ್ಪಿಗೇನಾ?" ಎಂದರು.

ಮಂಜುನಾಥ್ ಕೈ ಬಿಚ್ಚಿದರು. ಗಂಟಲು ಸರಿಮಾಡಿಕೊಂಡರು. "ಅವಳನ್ನೇ ಕೇಳಿ ಸಾರ್," ಎಂದರು. "ಅವಳಿಗೆ ಗೊತ್ತಾಗುತ್ತೆ."

ನಾನು ಕೇಳಿದೆ. ಮಾಡಿಸದಿದ್ದರೆ ಏನಾಗುತ್ತದೆ, ಮಾಡಿಸುವಾಗ ಏನಾಗಬಹುದು, ಎಷ್ಟು ವರ್ಷ ತಡೆಯುತ್ತದೆ. ಅವರು ಗಡಿಯಾರ ನೋಡಿಕೊಂಡರು, ಆದರೂ ಎಲ್ಲಕ್ಕೂ ಉತ್ತರ ಕೊಟ್ಟರು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ. ಎದೆ ಹಿಡಿದುಕೊಂಡು ಬಂದವರಿಗೆ ಕೇಳುವ ತ್ರಾಣ ಎಲ್ಲಿರುತ್ತದೆ ಎಂದು ಇವರಿಗೇಕೆ ಹೊಳೆಯುವುದಿಲ್ಲವೋ.

ಬಲೂನು ಹಾಕುವಾಗ ಎಚ್ಚರವಾಗಿಯೇ ಇದ್ದೆ. ಮುಗಿದ ಮೇಲೆ ಕಾಲು ಅಲ್ಲಾಡಿಸದೆ ಹಾಗೇ ಇರಬೇಕೆಂದರು. ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ರೆಕ್ಕೆಗೆ ಹಿಡಿದ ಮಸಿಯನ್ನು ನೋಡುತ್ತ ತುಂಬ ಹೊತ್ತು ಮಲಗಿದ್ದೆ. ನಾನು ಅಂಗಾತ ಮಲಗಿದ್ದೇನೆ, ಉಸಿರಾಡುತ್ತಿದ್ದೇನೆ ಎಂದು ತಿಳಿದಾಗ ಪಕ್ಕದ ಹಾಸಿಗೆಯ ಅಜ್ಜಿಯನ್ನು ಕರೆದು ಹೇಳಿದೆ. ಆಕೆಗೆ ಅದರಲ್ಲಿ ವಿಶೇಷವೇನು ಎಂದು ತಿಳಿಯಲಿಲ್ಲ.

ಆ ಹಳೆಯ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕಿತ್ತು. ಅದನ್ನು ಹಾಕಿಸಿಕೊಳ್ಳಲು ಸಂಕ್ರಾಂತಿ ಕಳೆದ ಮೇಲೆ ಪೀಣ್ಯದ ಅದೇ ಡಾಕ್ಟರ ಹತ್ತಿರ ಹೋದೆ. ಬೇರೆ ಕಡೆಯೂ ಹೋಗಬಹುದಿತ್ತು. ಅವರಿಗೆ ತೋರಿಸಬೇಕಿತ್ತು, ಅಷ್ಟೇ. ಮಂಜುನಾಥರೂ ಬಂದರು, ಈ ಸಲ ಕೂತರು. ಡಾಕ್ಟರು ಆಸ್ಪತ್ರೆಯ ಕಾಗದವನ್ನು ಓದಿದರು. ಮೇಲಿಂದ ಕೆಳಗೆ, ಮತ್ತೆ ಮೇಲಿಂದ. ಆಮೇಲೆ ಮುಖ ಅರಳಿಸಿದರು.

"ನೋಡಿದ್ರಾ? ಆವತ್ತು ನಾನು ಕಳಿಸಿದ್ದು ಎಷ್ಟು ಒಳ್ಳೇದಾಯ್ತು!"

ನನಗೆ ನಗಬೇಕೋ ಮೇಜು ಗುದ್ದಬೇಕೋ ತಿಳಿಯಲಿಲ್ಲ. "ನೀವು ಕಳಿಸ್ಲಿಲ್ಲ ಸಾರ್," ಎಂದೆ. "ನಾನು ಎದ್ದು ಹೋಗ್ಲಿಲ್ಲ, ಅದಕ್ಕೆ ಕಳಿಸಿದ್ರಿ."

ಅವರ ನಗು ಇಳಿಯಿತು. ಎದ್ದು ಬಂದು ನನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ತುಂಬ ಹೊತ್ತು ಕೇಳಿದರು, ಜಾಗ ಬದಲಿಸಿ ಕೇಳಿದರು.

"ಅಂಥದ್ದೇನೂ ಕೇಳಿಸ್ತಿಲ್ವಲ್ಲಮ್ಮಾ."

"ಈಗ ಕೇಳಿಸ್ಬಾರ್ದು ಸಾರ್. ಆಗ ಕೇಳಿಸ್ಬೇಕಿತ್ತು."

ಅವರು ಸ್ಟೆತಾಸ್ಕೋಪ್ ತೆಗೆದು ಮೇಜಿನ ಮೇಲಿಟ್ಟರು. ಇಂಜೆಕ್ಷನ್ ಅನ್ನು ತಾವೇ ನಿಧಾನವಾಗಿ ಚುಚ್ಚಿದರು. ಸೂಜಿ ಸರಿಯಾದದ್ದೇ ಇತ್ತು. ಆದರೂ ಆ ದಿನವೆಲ್ಲ ಸೊಂಟ ಸಿಡಿಯಿತು.

ಹೊರಗೆ ಬಂದೆವು. ಬೆಂಚಿನ ಮೇಲೆ ಜನ ತುಂಬಿದ್ದರು. ಮಂಜುನಾಥ್ ಸ್ಕೂಟರಿನ ಸೀಟನ್ನು ಕರ್ಚೀಫಿನಿಂದ ಒರೆಸುತ್ತ ಕ್ಲಿನಿಕ್ಕಿನ ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ಪಾಪ, ಡಾಕ್ಟ್ರು. ಅಷ್ಟೊಂದು ಹೇಳ್ಬೇಕಿತ್ತಾ ಸರೋಜಾ?" ಎಂದರು.

ಈ ಮನುಷ್ಯನನ್ನು ಏನು ಮಾಡಬೇಕೆಂದು ಆವತ್ತೂ ನನಗೆ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ.

"ಗಾಡಿ ತೆಗೀರಿ," ಎಂದೆ.